ಕಣಗಿಲೆ ನೆಟ್ಟ ಬಾದಶಹ, ನೆನಪು ಬರೆದ ಮಗಳು

ಬಾಬರ್ ಎಂಬ ಹೆಸರು ಕಿವಿಗೆ ಬಿದ್ದರೆ ನಮ್ಮ ದೇಶದಲ್ಲಿ ಇಂದು ಯಾರಿಗೂ ಹೂವು ನೆನಪಾಗುವುದಿಲ್ಲ. ಕೆಡವಿದ ಒಂದು ಮಸೀದಿ ನೆನಪಾಗುತ್ತದೆ. 1992ರ ಡಿಸೆಂಬರ್ 6 ನೆನಪಾಗುತ್ತದೆ, 2019ರ ನವೆಂಬರ್ 9ರ ತೀರ್ಪು ನೆನಪಾಗುತ್ತದೆ. ಶಾಲೆಯ ಪಾಠವನ್ನು ಮರೆಯದವರಿಗೆ 1526ರ ಪಾಣಿಪತ್ ಮತ್ತು 1527ರ ಖಾನ್ವಾ ಯುದ್ಧಗಳು ನೆನಪಾದಾವು. ಊರಿನಲ್ಲಿ ಸಣ್ಣದೊಂದು ಗಲಾಟೆಯಾದರೂ ನಮ್ಮ ಹುಡುಗರನ್ನು 'ಬಾಬರನ ಸಂತಾನ' ಎಂದು ಹೀಯಾಳಿಸುವುದು ರೂಢಿಯಾಗಿಬಿಟ್ಟಿದೆ. ಹಾಗೆ ಬೈಯುವವರಿಗೆ ಬಾಬರನ ಸಂತಾನ ಯಾರು, ಅವರು ಎಂಥವರು ಎಂಬುದು ಗೊತ್ತಿಲ್ಲ. ಬೈಸಿಕೊಳ್ಳುವ ನಮಗಾದರೂ ಗೊತ್ತಿದೆಯೇ? ಹುಮಾಯೂನ್ ಎಂಬ ಒಂದು ಹೆಸರನ್ನು ಹೇಳಿ ನಾವು ಸುಮ್ಮನಾಗುತ್ತೇವೆ.

ಆ ಸಂತಾನದಲ್ಲಿ ಒಬ್ಬಳು ಪುಸ್ತಕ ಬರೆದಿದ್ದಾಳೆ. ಹೆಸರು ಗುಲ್‌ಬದನ್ ಬೇಗಂ. ಗುಲ್ ಎಂದರೆ ಗುಲಾಬಿ, ಬದನ್ ಎಂದರೆ ಮೈ. ಆಕೆಯ ಒಡಹುಟ್ಟಿದ ಅಕ್ಕಂದಿರಿಬ್ಬರ ಹೆಸರು ಗುಲ್‌ರಂಗ್ ಮತ್ತು ಗುಲ್‌ಚೆಹ್ರಾ. ಒಬ್ಬಳು ಗುಲಾಬಿ ಬಣ್ಣದವಳು, ಇನ್ನೊಬ್ಬಳು ಗುಲಾಬಿ ಮೊಗದವಳು. ದಿಲ್ದಾರ್ ಬೇಗಂಳ ಹೊಟ್ಟೆಯಲ್ಲಿ ಹುಟ್ಟಿದ ಮೂವರು ಹೆಣ್ಣುಮಕ್ಕಳಿಗೂ ಒಂದೇ ಹೂವಿನ ಹೆಸರು. ನಮ್ಮ ಮನೆಗಳಲ್ಲಿ ಯಾಸ್ಮೀನ್, ನಸ್ರೀನ್, ನರ್ಗಿಸ್, ರೈಹಾನಾ, ಗುಲ್ನಾಝ್ ಎಂದು ಹೆಸರಿಡುತ್ತೇವಲ್ಲ, ಅದೇ ಪರಂಪರೆ. ಯಾಸ್ಮೀನ್ ಮಲ್ಲಿಗೆ, ನಸ್ರೀನ್ ಕಾಡುಗುಲಾಬಿ, ರೈಹಾನ್ ಎಂದರೆ ಕಾಮಕಸ್ತೂರಿಯಂಥ ಪರಿಮಳದ ಗಿಡ. ಅರ್ಥ ಗೊತ್ತಿರಲಿ ಇಲ್ಲದಿರಲಿ, ಒಂದು ಹೂದೋಟವನ್ನೇ ನಾವು ಪಡಿತರ ಚೀಟಿಯಲ್ಲಿ ಬರೆಸಿಕೊಂಡು ಓಡಾಡುತ್ತಿದ್ದೇವೆ.

ಬಾಬರನಿಗೆ ಹೂವಿನ ಹುಚ್ಚು ಎಷ್ಟಿತ್ತು ಎಂಬುದನ್ನು ಆತನೇ ಬರೆದಿಟ್ಟಿದ್ದಾನೆ. ಚಗತಾಯಿ ತುರ್ಕಿ ಭಾಷೆಯಲ್ಲಿರುವ 'ಬಾಬರ್‌ನಾಮಾ'ವನ್ನು ಓದುವವರು ಯುದ್ಧದ ಪುಟಗಳನ್ನು ದಾಟಿದಂತೆ ಒಂದು ವಿಚಿತ್ರವನ್ನು ಕಾಣುತ್ತಾರೆ. ಕೋಟೆ ಹಿಡಿದದ್ದನ್ನು ಹೇಳುವ ಲೇಖನಿಯೇ ಮರುಪುಟದಲ್ಲಿ ಗಿಡವೊಂದರ ಎಲೆಯನ್ನು ಎಣಿಸುತ್ತಿರುತ್ತದೆ. 1504ರಲ್ಲಿ ಆತ ಕಾಬೂಲನ್ನು ಹಿಡಿದ. ಅಲ್ಲಿನ ಬೆಟ್ಟದ ತಪ್ಪಲುಗಳಲ್ಲಿ ವಸಂತಕಾಲಕ್ಕೆ ಲಾಲಾ ಹೂವು, ಅಂದರೆ ಟ್ಯೂಲಿಪ್, ತಾನಾಗಿಯೇ ಅರಳುತ್ತದೆ. ಅದರಲ್ಲಿ ಎಷ್ಟು ಬಗೆಗಳಿವೆ ಎಂದು ಎಣಿಸಲು ಆತ ಆಜ್ಞೆ ಮಾಡಿದ. ಮೂವತ್ತೆರಡೋ ಮೂವತ್ತಮೂರೋ ಬಗೆಗಳು ಸಿಕ್ಕವು. ಅವುಗಳಲ್ಲಿ ಒಂದಕ್ಕೆ ತುಸು ಗುಲಾಬಿಯ ಪರಿಮಳವಿದೆಯೆಂದು ಅದಕ್ಕೊಂದು ಬೇರೆ ಹೆಸರನ್ನೇ ಇಟ್ಟ. ಸುಲ್ತಾನರು ಪ್ರಜೆಗಳನ್ನು ಎಣಿಸುವುದುಂಟು, ಕುದುರೆಗಳನ್ನು ಎಣಿಸುವುದುಂಟು. ಕಾಡುಹೂವನ್ನು ಎಣಿಸಲು ಆಳುಗಳನ್ನು ಕಳಿಸಿದವರು ಎಷ್ಟು ಮಂದಿಯೋ!

ಕಾಬೂಲಿನ ಉತ್ತರಕ್ಕೆ ಖ್ವಾಜಾ ಸೆಹ್ ಯಾರಾನ್ ಎಂಬ ಊಟೆಯಿದೆ. ಅದರ ಬಳಿ ಅರ್ಗವಾನ್ ಎಂಬ ಮರಗಳು. ಎಲೆ ಬರುವ ಮೊದಲೇ ಕೊಂಬೆಯ ತುಂಬ ಹೂ ಮುತ್ತುವ ಮರವದು. ಬಾಬರ್ ಆ ಊಟೆಯ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿ, ಅರ್ಗವಾನ್ ಅರಳುವ ದಿನಗಳಲ್ಲಿ ಕುಳಿತು ನೋಡಲು ಜಾಗ ಮಾಡಿಸಿದ. ಇಸ್ತಾಲಿಫ್ ಎಂಬಲ್ಲಿ ಅಂಕುಡೊಂಕಾಗಿ ಹರಿಯುತ್ತಿದ್ದ ತೊರೆಯನ್ನು ನೆಟ್ಟಗೆ ಮಾಡಿಸಿದ. ಆದಿನಾಪುರದ ಹತ್ತಿರ 'ಬಾಗ್-ಎ-ವಫಾ' ಎಂಬ ತೋಟ ಮಾಡಿ ಕಿತ್ತಳೆ, ದಾಳಿಂಬೆ ನೆಡಿಸಿದ. ಲಾಹೋರನ್ನು ಗೆದ್ದ ವರ್ಷ ಅಲ್ಲಿಂದ ಬಾಳೆಯ ಕಂದನ್ನು ತರಿಸಿ ಆ ತೋಟದಲ್ಲಿ ಊರಿಸಿದ. ಕಬ್ಬನ್ನೂ ಬೆಳೆಸಿದ. 1519ರ ಎಲೆಯುದುರುವ ಕಾಲದಲ್ಲಿ ಒಂದು ಎಳೆಯ ಸೇಬಿನ ಮರವನ್ನು ಆತ ನಿಂತು ನೋಡಿದ್ದಾನೆ. ಪ್ರತಿ ಕೊಂಬೆಯಲ್ಲೂ ಐದೋ ಆರೋ ಎಲೆಗಳು ಮಾತ್ರ ಒಂದೇ ಕ್ರಮದಲ್ಲಿ ಉಳಿದಿದ್ದವಂತೆ. ಚಿತ್ರಗಾರರಿಗೂ ಹಾಗೆ ಬರೆಯಲಾಗದು ಎಂಬುದು ಆತನ ಅಭಿಪ್ರಾಯ. ಅದು ಯಾವ ರಾಜಕಾರಣಕ್ಕೂ ಸಂಬಂಧವಿಲ್ಲದ ಮರ. ಆದರೂ ಐನೂರು ವರ್ಷದಿಂದ ಪುಸ್ತಕದಲ್ಲಿ ನಿಂತಿದೆ.

ಇಂಥವನು ಆಗ್ರಾಕ್ಕೆ ಬಂದಾಗ ಬಹಳ ಬೇಸರಪಟ್ಟ. ಬಿಸಿಲು, ಧೂಳು, ಬಿಸಿಗಾಳಿ. ಎಲ್ಲಕ್ಕಿಂತ ಹೆಚ್ಚಾಗಿ ಹರಿಯುವ ನೀರಿಲ್ಲ ಎಂಬ ದೂರು. ಹರಿಯುವ ನೀರಿಲ್ಲದ ತೋಟವನ್ನು ಕಾಬೂಲಿನವರು ತೋಟವೆಂದೇ ಒಪ್ಪುವುದಿಲ್ಲ. ಯಮುನೆಯನ್ನು ದಾಟಿ ಜಾಗ ನೋಡಲು ಹೋದವನು ಆ ನೆಲದ ಅಂದಗೇಡಿತನಕ್ಕೆ ಹೇಸಿ ಹಿಂತಿರುಗಿದ. ಆಗ್ರಾದ ಸಮೀಪದಲ್ಲಿ ಅದಕ್ಕಿಂತ ಉತ್ತಮ ಜಾಗ ಸಿಗದ್ದರಿಂದ ಕೆಲವು ದಿನಗಳ ಮೇಲೆ ಅಲ್ಲೇ ಕೆಲಸ ಶುರುಮಾಡಿಸಿದ. ಮೊದಲು ಬಾವಿ, ಆಮೇಲೆ ಕೊಳ, ಆಮೇಲೆ ಚೌಕಚೌಕವಾದ ಪಾತಿಗಳು. ಪಾತಿಗಳಲ್ಲಿ ಗುಲಾಬಿ ಮತ್ತು ನರ್ಗಿಸ್. ಜೊತೆಗೆ ಬಂದ ಅಮೀರರೂ ನದಿಯ ಆ ದಂಡೆಯಲ್ಲಿ ತೋಟಗಳನ್ನು ಮಾಡಿಕೊಂಡರು. ಇದನ್ನೆಲ್ಲ ಕಂಡ ಊರಿನ ಜನ ಆ ದಂಡೆಗೆ 'ಕಾಬೂಲ್' ಎಂದೇ ಹೆಸರಿಟ್ಟರಂತೆ. ಇದನ್ನು ಬಾಬರನೇ ದಾಖಲಿಸಿದ್ದಾನೆ. ಮನೆ ಬಿಟ್ಟು ದೂರ ಬಂದವರು ಮಾಡುವುದು ಇದನ್ನೇ ಅಲ್ಲವೇ? ಗಲ್ಫ್‌ಗೆ ಹೋದ ನಮ್ಮವರು ಬಾಲ್ಕನಿಯ ಡಬ್ಬಿಗಳಲ್ಲಿ ಕರಿಬೇವು ಬೆಳೆಸುತ್ತಾರೆ.

ಆದರೆ ಬಾಬರ್ ಬರೀ ಹಳೆಯದನ್ನು ನೆನೆದು ಕೊರಗಿದವನಲ್ಲ. ಇಲ್ಲಿನ ಹೂವುಗಳನ್ನು ಹತ್ತಿರ ಹೋಗಿ ನೋಡಿದ, ಮೂಸಿದ, ಬರೆದುಕೊಂಡ. ಹಿಂದೂಸ್ತಾನದ ಹೂವುಗಳೆಂದು ಆತ ವಿವರವಾಗಿ ಹೇಳುವುದು ಮುಖ್ಯವಾಗಿ ನಾಲ್ಕನ್ನು. ಓದುವಾಗ ನಮಗಂತೂ ನಗುವೇ ಬಂತು, ಏಕೆಂದರೆ ನಾಲ್ಕೂ ನಮ್ಮ ಹಿತ್ತಲಿನವು. ದಾಸವಾಳ, ಕಣಗಿಲೆ, ಕೇದಗೆ, ಜಾಜಿ. ದಾಸವಾಳವನ್ನು ಅದುವರೆಗೆ ಕಂಡಿರದ ಮನುಷ್ಯ ಅದನ್ನು ವರ್ಣಿಸಲು ಪಡುವ ಪಾಡು ಸ್ವಾರಸ್ಯವಾಗಿದೆ. ದಾಳಿಂಬೆ ಹೂವಿಗಿಂತ ಕಡುಬಣ್ಣ, ಗುಲಾಬಿಗಿಂತ ಎತ್ತರದ ಗಿಡ, ಅರಳಿದ ಹೂವಿನ ನಡುವಿನಿಂದ ಹೊರಡುವ ಕಡ್ಡಿ, ಒಂದೇ ದಿನದಲ್ಲಿ ಬಾಡಿಹೋಗುವ ಬಾಳು, ಮಳೆಗಾಲದಲ್ಲಿ ಹೂವಿನ ಸುಗ್ಗಿ, ಎಲ್ಲವನ್ನೂ ಗುರುತಿಸುತ್ತಾನೆ. ಕೇದಗೆಯ ಮುಳ್ಳೆಲೆಗಳನ್ನು ಹೇಳಿ, ಪರಿಮಳವನ್ನು ಕಸ್ತೂರಿಗೆ ಹೋಲಿಸುತ್ತಾನೆ. ಆ ಕೇದಗೆಯ ನೀರೇ ಕೇವ್ಡಾ ಎಂಬ ಹೆಸರಿನಲ್ಲಿ ಇಂದಿಗೂ ಮದುವೆಮನೆಗಳ ಬಿರಿಯಾನಿಗೆ ಬೀಳುವುದು. ಚಮೇಲಿ ಎಂದು ಆತ ಕರೆಯುವ ಜಾಜಿಯ ಹೂವು ತನ್ನ ಕಡೆಯ ಮಲ್ಲಿಗೆಗಿಂತ ದೊಡ್ಡದು, ಪರಿಮಳವೂ ಹೆಚ್ಚು ಎಂದು ಒಪ್ಪಿಕೊಳ್ಳುತ್ತಾನೆ.

ಕಣಗಿಲೆಯ ಮೇಲೆ ಮಾತ್ರ ಆತನಿಗೆ ವಿಶೇಷ ಮೋಹ. 1528ರಲ್ಲಿ ಗ್ವಾಲಿಯರ್‌ಗೆ ಹೋದಾಗ ಅಲ್ಲಿ ಅಚ್ಚ ಕೆಂಪು ಬಣ್ಣದ ಕಣಗಿಲೆಯನ್ನು ಕಂಡ. ಬೇರೆ ಕಡೆ ಆತ ನೋಡಿದ್ದು ಪೀಚ್ ಹೂವಿನ ತೆಳುಗೆಂಪಿನವು. ಗ್ವಾಲಿಯರ್‌ನ ಗಿಡಗಳನ್ನು ತರಿಸಿ ಆಗ್ರಾದ ತೋಟಗಳಲ್ಲಿ ನೆಡಿಸಿದ. ನಮ್ಮಲ್ಲಿ ದನವೂ ಮೂಸದ, ಬೇಲಿಯ ಪಕ್ಕದಲ್ಲಿ ಯಾರೂ ನೀರೆರೆಯದೆ ಬೆಳೆಯುವ ಕಣಗಿಲೆಗೆ ಹಾಗೊಂದು ಬಾದಶಾಹಿ ಸವಾರಿಯ ಯೋಗ ಬಂದದ್ದುಂಟು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕಣಗಿಲೆಯ ಅದೇ 1528ರ ಆರಂಭದಲ್ಲಿ ಬಾಬರ್ ಚಂದೇರಿಯ ಕೋಟೆಯನ್ನು ಗೆದ್ದು, ಸತ್ತವರ ತಲೆಗಳನ್ನು ಗುಡ್ಡದ ಮೇಲೆ ಗೋಪುರದಂತೆ ಪೇರಿಸಲು ಹೇಳಿದ. ಅದನ್ನೂ ಆತನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ಕಾಲದ ತೈಮೂರಿ ದಂಡುಗಳ ರೀತಿಯೇ ಅದು ಎಂದು ಹೇಳಿ ಜಾರಿಕೊಳ್ಳಬಹುದು. ನಮಗೆ ಹಾಗೆ ಜಾರಿಕೊಳ್ಳುವ ಮನಸ್ಸಿಲ್ಲ. ಹೂವು ನೆಟ್ಟ ಕೈಗೆ ರಕ್ತ ಅಂಟಿರಲಿಲ್ಲ ಎಂದು ಸಾಧಿಸಲು ಈ ಲೇಖನವನ್ನು ಬರೆಯುತ್ತಿಲ್ಲ. ಆತನ ಹೆಸರಿನಲ್ಲಿ ಇಂದು ಬೈಗುಳ ತಿನ್ನುವ ಹುಡುಗರಿಗೂ ಚಂದೇರಿಗೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗೋಣ. ಆತನ ಮಗಳಿಗೆ ಆತ ಹೇಗೆ ಕಂಡ ಎಂಬುದು ಬೇರೆಯದೇ ಕಥೆ.

ಗುಲ್‌ಬದನ್ ಹುಟ್ಟಿದ್ದು 1523ರ ಸುಮಾರಿಗೆ, ಕಾಬೂಲಿನಲ್ಲಿ. 1525ರ ಕೊನೆಯಲ್ಲಿ ತಂದೆ ಹಿಂದೂಸ್ತಾನದ ದಂಡಯಾತ್ರೆಗೆ ಹೊರಟಾಗ ಎರಡು ಎರಡೂವರೆ ವರ್ಷದ ಕೂಸು. ಹಡೆದ ತಾಯಿ ದಿಲ್ದಾರ್ ಆದರೂ ಬೆಳೆಸಿದ್ದು ಹುಮಾಯೂನನ ತಾಯಿ ಮಾಹಮ್ ಬೇಗಂ. ತನ್ನ ಮಕ್ಕಳು ಉಳಿಯದ ದುಃಖದಲ್ಲಿದ್ದ ಮಾಹಮ್, ಬಾಬರನ ಒಪ್ಪಿಗೆಯಿಂದ ದಿಲ್ದಾರಳ ಮಗ ಹಿಂದಾಲ್‌ನನ್ನೂ ಮಗಳು ಗುಲ್‌ಬದನ್‌ಳನ್ನೂ ತನ್ನ ಮಡಿಲಿಗೆ ತೆಗೆದುಕೊಂಡಳು. ದಿಲ್ದಾರಳ ಮನಸ್ಸು ಅದನ್ನು ಹೇಗೆ ತಡೆದುಕೊಂಡಿತೆಂದು ಪುಸ್ತಕ ಹೇಳುವುದಿಲ್ಲ. 1529ರ ಬೇಸಿಗೆಯಲ್ಲಿ ಮಾಹಮ್ ಆರು ವರ್ಷದ ಗುಲ್‌ಬದನ್‌ಳನ್ನು ಕರೆದುಕೊಂಡು ಆಗ್ರಾಕ್ಕೆ ಬಂದಳು. 1530ರ ಡಿಸೆಂಬರ್ 26ರಂದು ಬಾಬರ್ ತೀರಿಕೊಂಡ. ಲೆಕ್ಕ ಹಾಕಿದರೆ ತಂದೆಯ ಜೊತೆ ಆಕೆಗೆ ಬುದ್ಧಿ ತಿಳಿದು ಸಿಕ್ಕಿದ್ದು ಕೇವಲ ಒಂದೂವರೆ ವರ್ಷ.

ಆಕೆ ಪುಸ್ತಕ ಬರೆಯಲು ಕುಳಿತದ್ದು ಅರವತ್ತು ದಾಟಿದ ಮೇಲೆ, 1587ರ ಸುಮಾರಿಗೆ. ಅಬುಲ್ ಫಝಲ್ ಬರೆಯಲಿದ್ದ 'ಅಕ್ಬರ್‌ನಾಮಾ'ಕ್ಕೆ ವಿವರ ಬೇಕಾಗಿತ್ತು. ಬಾಬರ್ ಮತ್ತು ಹುಮಾಯೂನರ ಬಗ್ಗೆ ನೆನಪಿದ್ದುದನ್ನು ಬರೆಯಿರಿ ಎಂದು ಅಕ್ಬರ್ ತನ್ನ ಸೋದರತ್ತೆಗೆ ಕೇಳಿಕೊಂಡ. ತಂದೆ ತೀರಿಕೊಂಡಾಗ ತನಗೆ ಎಂಟು ವರ್ಷ, ಹಾಗಾಗಿ ಹೆಚ್ಚು ನೆನಪಿಲ್ಲದಿರಬಹುದು ಎಂಬ ಸಂಕೋಚದಿಂದಲೇ ಆಕೆ ಪ್ರಾರಂಭಿಸುತ್ತಾಳೆ. ಬರೆದದ್ದು ಪಾರ್ಸಿಯಲ್ಲಿ, ನಡುನಡುವೆ ತುರ್ಕಿ ಮಾತುಗಳು. ತಂದೆಯನ್ನು ಆಕೆ ಕರೆಯುವುದು 'ಬಾಬಾಮ್' ಎಂದು. ತುರ್ಕಿಯಲ್ಲಿ ಅದಕ್ಕೆ ನನ್ನಪ್ಪ ಎಂದರ್ಥ. ಹಝ್ರತ್, ಬಾದಶಹ ಎಂಬ ದೊಡ್ಡ ಬಿರುದುಗಳ ಬಾಲಕ್ಕೆ ಆ ಪುಟ್ಟ ಪದ ಅಂಟಿಕೊಂಡೇ ಇರುತ್ತದೆ. ಆಸ್ಥಾನದ ಯಾವ ಇತಿಹಾಸಕಾರನಿಗೂ ಆ ಪದವನ್ನು ಬಳಸುವ ಹಕ್ಕಿರಲಿಲ್ಲ.

ಆಕೆಯ ನೆನಪಿನಲ್ಲಿ ಮೊದಲ ಭೇಟಿ ಹೀಗಿದೆ. ಮಾಹಮ್ ಬರುತ್ತಿರುವ ಸುದ್ದಿ ಕೇಳಿದ ಬಾಬರ್ ಕುದುರೆ ತರುವವರೆಗೂ ಕಾಯದೆ ಕಾಲ್ನಡಿಗೆಯಲ್ಲೇ ಹೊರಟುಬಿಟ್ಟ. ಮಗುವನ್ನು ಮಾತ್ರ ಮರುದಿನ ಬೇರೆಯಾಗಿ ಕರೆತರಲಾಯಿತು. ದಾರಿಯಲ್ಲಿ ವಝೀರ ಖಲೀಫಾ ಮತ್ತು ಆತನ ಹೆಂಡತಿ ಒಂದು ತೋಟದಲ್ಲಿ ಆಕೆಗೆ ದೊಡ್ಡವರಿಗೆ ಮಾಡುವಂತೆ ಔತಣ ಕೊಟ್ಟರು. ಹೆಚ್ಚುಕಡಿಮೆ ಐವತ್ತು ಸುಟ್ಟ ಕುರಿಗಳು, ರೊಟ್ಟಿ, ಶರಬತ್ತು, ಹಣ್ಣುಗಳು. ಆರು ವರ್ಷದ ಹುಡುಗಿಗೆ ಐವತ್ತು ಕುರಿ! ಅರವತ್ತು ದಾಟಿದ ಮೇಲೂ ಆಕೆ ಅದನ್ನು ಮರೆತಿಲ್ಲ. ಕೊನೆಗೆ ತಂದೆಯ ಕಾಲಿಗೆ ಬಿದ್ದಾಗ ಆತ ಎತ್ತಿ ತೋಳಿನಲ್ಲಿ ಹಿಡಿದುಕೊಂಡ. ಅದಕ್ಕಿಂತ ಮಿಗಿಲಾದ ಸಂತೋಷವನ್ನು ತಾನು ಊಹಿಸಲಾರೆ ಎಂಬಂತೆ ಬರೆಯುತ್ತಾಳೆ.

ಅಲ್ಲಿಂದ ಮುಂದೆ ಆಕೆ ತಂದೆಯನ್ನು ತೋರಿಸುವುದು ಹೆಚ್ಚಾಗಿ ತೋಟಗಳಲ್ಲಿಯೇ, ಅರಮನೆಯ ದರ್ಬಾರಿನಲ್ಲಿ ಅಲ್ಲ. ಧೋಲ್‌ಪುರಕ್ಕೆ ಹೋದದ್ದನ್ನು ಹೇಳುತ್ತಾಳೆ. ಅಲ್ಲಿ ಒಂದೇ ಬಂಡೆಯಲ್ಲಿ ಹತ್ತು ಗಜ ಉದ್ದ ಹತ್ತು ಗಜ ಅಗಲದ ಕೊಳ ಕೊರೆಸಿದ್ದ. ಮುಗಿದ ಮೇಲೆ ಇದರ ತುಂಬ ಶರಾಬು ತುಂಬಿಸುತ್ತೇನೆ ಎನ್ನುತ್ತಿದ್ದನಂತೆ. ಆದರೆ ಖಾನ್ವಾ ಯುದ್ಧಕ್ಕೆ ಮುನ್ನ ಕುಡಿತಕ್ಕೆ ತೌಬಾ ಮಾಡಿಬಿಟ್ಟಿದ್ದರಿಂದ, ಕೊಳ ಸಿದ್ಧವಾದಾಗ ನಿಂಬೆಹಣ್ಣಿನ ಶರಬತ್ತು ತುಂಬಿಸಿದ. ಧೋಲ್‌ಪುರದ ಆ ಕಮಲದ ತೋಟ ಎಲ್ಲಿತ್ತೆಂಬುದು ಬಹುಕಾಲ ಮರೆತೇಹೋಗಿತ್ತು. 1978ರಲ್ಲಿ ಎಲಿಝಬೆತ್ ಮೊಯ್ನಿಹಾನ್ ಎಂಬ ಅಮೆರಿಕದ ಸಂಶೋಧಕಿ ಬಾಬರ್‌ನಾಮಾವನ್ನು ಕೈಯಲ್ಲಿ ಹಿಡಿದು ಹುಡುಕಿ, ಧೋಲ್‌ಪುರದ ಹತ್ತಿರದ ಝೋರ್ ಎಂಬ ಹಳ್ಳಿಯಲ್ಲಿ ಅದರ ಅವಶೇಷಗಳನ್ನು ಗುರುತಿಸಿದರು.

ಸಿಕ್ರಿಯಲ್ಲಿಯೂ ಹಾಗೆಯೇ. ಕೆರೆಯ ನಡುವೆ ಕಟ್ಟೆ, ತೋಟದೊಳಗೆ ಕುಳಿತುಕೊಳ್ಳಲು ಜಾಗ. ಅಲ್ಲಿ ಕುಳಿತು ಬಾಬಾಮ್ ತನ್ನ ಪುಸ್ತಕ ಬರೆಯುತ್ತಿದ್ದರು ಎನ್ನುತ್ತಾಳೆ. ಬಾಬರ್‌ನಾಮಾವನ್ನು ಬರೆಯುತ್ತಿರುವ ಬಾಬರನನ್ನು ಮಗುವಿನ ಕಣ್ಣಿನಿಂದ ತೋರಿಸುವ ಈ ಒಂದು ಸಾಲಿಗೆ ನಮ್ಮ ಲೆಕ್ಕದಲ್ಲಿ ಹತ್ತು ಯುದ್ಧಗಳ ವರ್ಣನೆಯೂ ಸಮವಲ್ಲ. ಅಲ್ಲಿಯೇ ಒಂದು ದಿನ ಮಾಹಮ್ ನಮಾಝಿಗೆ ಹೋಗಿದ್ದಾಗ, ಈ ಹುಡುಗಿ ಜೊತೆಯಲ್ಲಿದ್ದ ಅಫ್ಘಾನಿ ಆಗಾಚಾಗೆ ನನ್ನ ಕೈ ಎಳೆ ಎಂದಳು. ಆಕೆ ಎಳೆದಳು. ಕೀಲು ತಪ್ಪಿತು. ಅತ್ತು ಕರೆದು, ಮೂಳೆ ಕೂರಿಸುವವನನ್ನು ಕರೆಸಿ ಕೈಗೆ ಕಟ್ಟು ಹಾಕಿಸಿದ ಮೇಲಷ್ಟೇ ಬಾದಶಹನ ಸವಾರಿ ಆಗ್ರಾಕ್ಕೆ ಹೊರಟಿತು. ಸಾಮ್ರಾಜ್ಯದ ಅಧಿಕೃತ ಚರಿತ್ರೆಗೆ ವಿವರ ಒದಗಿಸಿ ಎಂದರೆ ತನ್ನ ಉಳುಕಿದ ಕೈಯ ಕಥೆಯನ್ನೂ ಬರೆದುಕೊಟ್ಟ ಈ ಅಜ್ಜಿಯ ಮೇಲೆ ನಮಗೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ.

ಇನ್ನು ಝರ್ ಅಫ್ಶಾನ್ ತೋಟ. ಚಿನ್ನ ಚೆಲ್ಲುವ ತೋಟ ಎಂದು ಅರ್ಥ. ಒಂದು ದಿನ ಮನೆಯವರೊಂದಿಗೆ ಬಾಬರ್ ಅಲ್ಲಿಗೆ ಹೋದ. ತೋಟದಲ್ಲಿ ವುಝೂ ಮಾಡಲು ಒಂದು ಜಾಗವಿತ್ತು. ಅದನ್ನು ಕಂಡದ್ದೇ ಆತನ ಮನಸ್ಸು ಬೇರೆಯಾಯಿತು. ಆಳುವುದು ಸಾಕಾಗಿದೆ, ಈ ತೋಟದಲ್ಲಿ ಒಂದು ಮೂಲೆ ಹಿಡಿದು ಕುಳಿತುಬಿಡುತ್ತೇನೆ, ಸೇವೆಗೆ ನೀರಿನ ಕೂಜ ಹಿಡಿಯುವ ತಾಹಿರ್ ಒಬ್ಬ ಸಾಕು, ರಾಜ್ಯವನ್ನು ಹುಮಾಯೂನನಿಗೆ ಒಪ್ಪಿಸುತ್ತೇನೆ ಎಂದ. ಮಾಹಮ್ ಮತ್ತು ಮಕ್ಕಳೆಲ್ಲ ಅತ್ತುಬಿಟ್ಟರು. ಆತನಿಗೆ ಆಗ ವಯಸ್ಸು ನಲವತ್ತೇಳರ ಆಸುಪಾಸು. ಹನ್ನೆರಡನೆಯ ವರ್ಷಕ್ಕೆ ತಂದೆಯನ್ನು ಕಳೆದುಕೊಂಡು ಸಿಂಹಾಸನ ಏರಿದವನು. ತಂದೆ ಉಮರ್ ಶೇಖ್ 1494ರಲ್ಲಿ ತನ್ನ ಪಾರಿವಾಳದ ಗೂಡಿನ ಸಮೇತ ಕಮರಿಗೆ ಜಾರಿ ಸತ್ತಿದ್ದ. ಅಲ್ಲಿಂದ ಮೂವತ್ತೈದು ವರ್ಷ ಕುದುರೆಯ ಬೆನ್ನು ಬಿಟ್ಟು ಇಳಿದದ್ದೇ ಕಡಿಮೆ. ಆತನ ಬರವಣಿಗೆಯಲ್ಲಿ ಈ ಆಯಾಸ ಅಲ್ಲಲ್ಲಿ ಇಣುಕುತ್ತದೆ. ಕಾಬೂಲಿನಿಂದ ಬಂದ ಕರಬೂಜ ಹಣ್ಣನ್ನು ಕತ್ತರಿಸುವಾಗ ಕಣ್ಣೀರು ಬಂತು ಎಂದು 1529ರಲ್ಲಿ ಗೆಳೆಯ ಖ್ವಾಜಾ ಕಲಾನ್‌ಗೆ ಪತ್ರ ಬರೆದಿದ್ದಾನೆ. ಆದರೆ ರಾಜ್ಯ ಬಿಟ್ಟು ತೋಟ ಸೇರುತ್ತೇನೆಂಬ ಆ ದಿನದ ಮಾತು ಉಳಿದಿರುವುದು ಮಗಳ ಪುಸ್ತಕದಲ್ಲಿ.

ಕೆಲವೇ ದಿನಗಳಲ್ಲಿ ದಿಲ್ದಾರಳ ಕಿರಿಯ ಮಗ ಅಲ್ವರ್ ಕಾಯಿಲೆ ಬಿದ್ದು ತೀರಿಹೋದ. ತಾಯಿಯ ಅಳು ನಿಲ್ಲಲಿಲ್ಲ. ಬಾಬರ್ ಮಾಹಮ್‌ಳನ್ನೂ ಬೇಗಂಗಳನ್ನೂ ಕರೆದು, ಬನ್ನಿ, ಧೋಲ್‌ಪುರಕ್ಕೆ ಹೋಗಿಬರೋಣ ಎಂದು ದೋಣಿಯಲ್ಲಿ ಹೊರಡಿಸಿದ. ದುಃಖದಲ್ಲಿರುವವರಿಗೆ ಆತನಿಗೆ ತಿಳಿದಿದ್ದ ಔಷಧಿ ಅದೇ, ತೋಟ. ಅಷ್ಟರಲ್ಲೇ ಹುಮಾಯೂನನ ಕಾಯಿಲೆಯ ಸುದ್ದಿ ಬಂತು. ಮಗನ ಹಾಸಿಗೆಯ ಸುತ್ತ ನಡೆದು, ನನ್ನ ಪ್ರಾಣವನ್ನು ತೆಗೆದುಕೊಂಡು ಇವನನ್ನು ಉಳಿಸು ಎಂದು ಬಾಬರ್ ಪ್ರಾರ್ಥಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಸಾವಿನ ಹಾಸಿಗೆಯಲ್ಲಿ ಆತ ಮಾಡಿದ ಕೆಲಸವೆಂದರೆ ಗುಲ್‌ರಂಗ್ ಮತ್ತು ಗುಲ್‌ಚೆಹ್ರಾಳ ನಿಕಾಹ್ ಗೊತ್ತುಮಾಡಿದ್ದು. ಗುಲ್‌ಬದನ್ ಇನ್ನೂ ಚಿಕ್ಕವಳು.

ಗೋರಿಗೆ ಅರವತ್ತು ಮಂದಿ ಖಾರಿಗಳನ್ನು ನೇಮಿಸಿ, ಐದು ಹೊತ್ತು ಜಮಾಅತ್ ನಡೆಸಿ ಖುರ್‌ಆನ್ ಖತಂ ಮಾಡುವ ವ್ಯವಸ್ಥೆಯಾಯಿತು. ಮಾಹಮ್ ತನ್ನ ಸ್ವಂತ ಆದಾಯದಿಂದ ದಿನವೂ ಬೆಳಿಗ್ಗೆ ಒಂದು ಎತ್ತು, ಎರಡು ಕುರಿ, ಐದು ಆಡು, ಅಸರ್ ಹೊತ್ತಿಗೆ ಮತ್ತೆ ಐದು ಆಡುಗಳ ಊಟ ಹಾಕಿಸಿದಳು. ತಾನು ಬದುಕಿರುವವರೆಗೂ ನಿಲ್ಲಿಸಲಿಲ್ಲ. ಮೊದಲು ಆಗ್ರಾದ ತೋಟದಲ್ಲಿಯೇ ಮಣ್ಣು ಮಾಡಿದ್ದರು. ಕೆಲವು ವರ್ಷಗಳ ನಂತರ ದೇಹವನ್ನು ಕಾಬೂಲಿಗೆ ಸಾಗಿಸಿ, ಆತ ಮಾಡಿಸಿದ್ದ ಬೆಟ್ಟದ ಇಳಿಜಾರಿನ ತೋಟದಲ್ಲಿ ಮತ್ತೆ ದಫನ್ ಮಾಡಿದರು. ಅದೇ ಇಂದಿನ ಬಾಗ್-ಎ-ಬಾಬರ್. ಆ ಗೋರಿಗೆ ಮುಂದೆ ಸಾಮ್ರಾಜ್ಯ ಶ್ರೀಮಂತಿಕೆಯ ತುದಿ ಮುಟ್ಟಿದಾಗಲೂ ತಾಜ್‌ಮಹಲಿನಂತಹ ಗುಮ್ಮಟ ಏಳಲಿಲ್ಲ. 1607ರಲ್ಲಿ ಅಲ್ಲಿಗೆ ಹೋದ ಮರಿಮಗ ಜಹಾಂಗೀರ್ ತಲೆಗಲ್ಲು ನಿಲ್ಲಿಸಿದ, ಶಹಜಹಾನ್ ಪಕ್ಕದಲ್ಲಿ ಪುಟ್ಟ ಅಮೃತಶಿಲೆಯ ಮಸೀದಿ ಕಟ್ಟಿಸಿದ. ಗೋರಿಗೆ ಹೂವು ಹಾಕಬಹುದೇ ಹಾಕಬಾರದೇ ಎಂದು ನಮ್ಮಲ್ಲಿ ಇಂದಿಗೂ ಚರ್ಚೆ ನಡೆಯುತ್ತಿರುತ್ತದೆ. ಪ್ರವಾದಿಯವರು ಎರಡು ಗೋರಿಗಳ ಮೇಲೆ ಹಸಿ ಖರ್ಜೂರದ ಗರಿಯನ್ನು ನೆಟ್ಟ ಹದೀಸನ್ನು ಎರಡೂ ಕಡೆಯವರು ಉದ್ಧರಿಸುತ್ತಾರೆ. ಇಲ್ಲಿ ಆ ಚರ್ಚೆಗೇ ಎಡೆಯಿಲ್ಲ, ಗೋರಿ ಇರುವುದೇ ತೋಟದೊಳಗೆ.

ಮಕ್ಕಳಿಗೆ ತಂದೆಯ ರಾಜ್ಯ ಉಳಿಯಲಿಲ್ಲ. 1540ರಲ್ಲಿ ಶೇರ್‌ಶಾ ಹುಮಾಯೂನನನ್ನು ಹಿಂದೂಸ್ತಾನದಿಂದ ಓಡಿಸಿದ. ಹೆಂಗಸರು ಚದುರಿದರು. ಗುಲ್‌ಬದನ್ ಕಾಬೂಲಿಗೆ ಮರಳಿದಳು. ಅಣ್ಣತಮ್ಮಂದಿರು ಪರಸ್ಪರ ಹೊಡೆದಾಡಿದರು, 1551ರಲ್ಲಿ ಹಿಂದಾಲ್ ಕೊಲೆಯಾದ. ಇಷ್ಟೆಲ್ಲ ಕಷ್ಟದ ನಡುವೆ, 1540ರ ದಶಕದ ಕೊನೆಯಲ್ಲಿ ನಡೆದ ಒಂದು ಪ್ರವಾಸವನ್ನು ಗುಲ್‌ಬದನ್ ಮನಸಾರೆ ವರ್ಣಿಸುತ್ತಾಳೆ. ವಸಂತದಲ್ಲಿ ಬೆಟ್ಟದ ಮೇಲೆ ರಿವಾಜ್ ಎಂಬ ಹುಳಿದಂಟಿನ ಗಿಡ ಚಿಗುರೊಡೆಯುತ್ತದೆ. ಅದನ್ನು ನೋಡಲು ಹೋಗಬೇಕೆಂದು ಬೇಗಂಗಳು ಹುಮಾಯೂನನ ಬೆನ್ನು ಹತ್ತಿದರು. ಫರ್ಝಾ ಎಂಬಲ್ಲಿನ ಜಲಪಾತ ನೋಡಿದರು. ಬೆಳದಿಂಗಳಿತ್ತು. ಕಥೆ ಹೇಳುತ್ತ, ಮಾತನಾಡುತ್ತ, ಮೆಲ್ಲಗೆ ಹಾಡುತ್ತ ಹೆಂಗಸರೆಲ್ಲ ಬೆಟ್ಟದ ದಾರಿಯಲ್ಲಿ ನಡೆದರು. ಹೊರಡಲು ತಡಮಾಡಿದ್ದಕ್ಕೆ ಹುಮಾಯೂನ್ ಸಿಟ್ಟಾದದ್ದೂ, ಅವರು ಮಾಫಿ ಕೇಳಿ ಪತ್ರ ಬರೆದದ್ದೂ ಇದೆ. ಸುಲ್ತಾನರ ಜನಾನಾ ಎಂದರೆ ಬೀಗ ಹಾಕಿದ ಕೋಣೆ ಎಂದು ತಿಳಿದವರಿಗೆ ಈ ಪುಟಗಳು ಆಶ್ಚರ್ಯ ತರಿಸುತ್ತವೆ. ಚಿಗುರು ನೋಡಲೆಂದೇ ದಂಡು ಕಟ್ಟಿಕೊಂಡು ಹೊರಡುವ ಈ ಅಭ್ಯಾಸ ಆ ಮನೆಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಇದೇ ಗುಲ್‌ಬದನ್ 1575ರಲ್ಲಿ ಫತೇಪುರ್ ಸಿಕ್ರಿಯಿಂದ ಹೆಂಗಸರ ತಂಡದೊಂದಿಗೆ ಹಜ್ಜಿಗೆ ಹೊರಟು, ಅರಬ್ ನಾಡಿನಲ್ಲಿ ವರ್ಷಗಳ ಕಾಲ ಉಳಿದು, ಹಿಂತಿರುಗುವಾಗ ಏಡನ್ ಬಳಿ ಹಡಗು ಒಡೆದು, 1582ರಲ್ಲಿ ಮನೆ ಸೇರಿದಳು. 1603ರಲ್ಲಿ ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡಾಗ ಅಕ್ಬರ್ ತಾನೇ ಜನಾಝಾಕ್ಕೆ ಹೆಗಲು ಕೊಟ್ಟ.

ಆಕೆಯ ಪುಸ್ತಕದ ಹಣೆಬರಹ ಮಾತ್ರ ಚೆನ್ನಾಗಿರಲಿಲ್ಲ. ನಮಗೆ ಉಳಿದಿರುವ ಹಳೆಯ ಪ್ರತಿ ಒಂದೇ. ಕರ್ನಲ್ ಹ್ಯಾಮಿಲ್ಟನ್ ಎಂಬ ಅಧಿಕಾರಿಯ ಸಂಗ್ರಹದಲ್ಲಿದ್ದ ಅದನ್ನು 1868ರಲ್ಲಿ ಬ್ರಿಟಿಷ್ ಮ್ಯೂಸಿಯಂ ಕೊಂಡಿತು. ಕೊನೆಯ ಪುಟಗಳಿಲ್ಲ. ಹುಮಾಯೂನ್ ತನ್ನ ತಮ್ಮ ಕಾಮ್ರಾನನ ಕಣ್ಣು ಕೀಳಿಸಿದ ಪ್ರಸಂಗ ಹೇಳುತ್ತಿರುವಾಗಲೇ, ವಾಕ್ಯದ ನಡುವೆ ಪುಸ್ತಕ ನಿಂತುಹೋಗುತ್ತದೆ. ಅದನ್ನು ಹೊರಜಗತ್ತಿಗೆ ಕೊಟ್ಟದ್ದೂ ಒಬ್ಬ ಹೆಂಗಸೇ. ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ್ದ ಆನೆಟ್ ಬೆವೆರಿಜ್ ನಡುವಯಸ್ಸು ದಾಟಿದ ಮೇಲೆ ಪಾರ್ಸಿ ಮತ್ತು ತುರ್ಕಿ ಕಲಿತು, ಕಿವಿ ಮಂದವಾಗುತ್ತಿದ್ದ ಕಾಲದಲ್ಲಿ 1902ರಲ್ಲಿ ಇಂಗ್ಲಿಷಿಗೆ ತಂದರು. ಆಮೇಲೆ ಬಾಬರ್‌ನಾಮಾವನ್ನೂ ಅನುವಾದಿಸಿದರು. ಮಗಳ ಪುಸ್ತಕ ಮೊದಲು, ತಂದೆಯದು ಆಮೇಲೆ. 2024ರಲ್ಲಿ ರೂಬಿ ಲಾಲ್ ಗುಲ್‌ಬದನ್‌ಳ ಬದುಕನ್ನೇ ಕುರಿತು ಪುಸ್ತಕ ಬರೆದಿದ್ದಾರೆ. ನಮ್ಮ ಉರ್ದು ಶಾಲೆಗಳ ತಾರೀಖ್ ಪಾಠದಲ್ಲಾಗಲಿ ಕನ್ನಡ ಶಾಲೆಗಳ ಇತಿಹಾಸ ಪಾಠದಲ್ಲಾಗಲಿ ನಾವು ಓದುವ ಕಾಲಕ್ಕೆ ಆಕೆಯ ಹೆಸರು ಇದ್ದದ್ದೇ ಹೆಚ್ಚು, ಅದೂ ಆಕರಗಳ ಪಟ್ಟಿಯಲ್ಲಿ, ಎರಡು ಅಂಕದ ಪ್ರಶ್ನೆಗೆ.

ಕಾಬೂಲಿನ ತೋಟವೂ ಬಹಳ ಪಾಡು ಪಟ್ಟಿದೆ. 1992ರಿಂದ ನಡೆದ ಅಂತರ್ಯುದ್ಧದಲ್ಲಿ ಅದು ಎರಡು ಬಣಗಳ ನಡುವಿನ ಗಡಿಯಂತಾಯಿತು. ಮರಗಳನ್ನು ಕಡಿದರು, ನೀರಿನ ವ್ಯವಸ್ಥೆ ನಾಶವಾಯಿತು, ನೆಲದಲ್ಲಿ ಸಿಡಿಗುಂಡುಗಳನ್ನು ಹೂಳಿದರು. ಯುದ್ಧ ತಣ್ಣಗಾದ ಮೇಲೆ, 2002ರ ನಂತರ, ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ಅದನ್ನು ದುರಸ್ತಿ ಮಾಡಿಸಿತು. ಕುಸಿದ ಮಣ್ಣಿನ ಗೋಡೆಗಳನ್ನು ಸುತ್ತಮುತ್ತಲಿನ ಜನರೇ ಎಬ್ಬಿಸಿದರು, ನಡುವಿನ ನೀರಿನ ಕಾಲುವೆಯನ್ನು ಮತ್ತೆ ಹರಿಸಿದರು. ಯಾವ ಗಿಡ ನೆಡಬೇಕೆಂಬ ಪ್ರಶ್ನೆ ಬಂದಾಗ ಬಾಬರನ ಪುಸ್ತಕವನ್ನೇ ತೆರೆದು ನೋಡಿದರು. ಚಿನಾರ್, ಅಕ್ರೋಟ್, ದಾಳಿಂಬೆ, ಗುಲಾಬಿ, ಅರ್ಗವಾನ್. ರಜೆಯ ದಿನಗಳಲ್ಲಿ ಕಾಬೂಲಿನ ಕುಟುಂಬಗಳು ಚಹಾದ ಫ್ಲಾಸ್ಕು, ಚಾಪೆ ಹಿಡಿದು ಅಲ್ಲಿಗೆ ಬರತೊಡಗಿದವು.

2021ರಲ್ಲಿ ತಾಲಿಬಾನ್ ಮತ್ತೆ ಅಧಿಕಾರಕ್ಕೆ ಬಂತು. 2022ರ ನವೆಂಬರ್‌ನಲ್ಲಿ ಕಾಬೂಲಿನ ಉದ್ಯಾನವನಗಳಿಗೆ ಹೆಂಗಸರು ಕಾಲಿಡಕೂಡದೆಂದು ಆಜ್ಞೆ ಹೊರಡಿಸಿತು. ಇದನ್ನು ದೀನಿನ ಹೆಸರಿನಲ್ಲಿ ಮಾಡಲಾಯಿತೆಂಬುದು ನಮ್ಮನ್ನು ನೋಯಿಸುತ್ತದೆ. ನಾಲ್ಕೂವರೆ ಶತಮಾನದ ಹಿಂದೆ ಬೆಳದಿಂಗಳಿನಲ್ಲಿ ಹಾಡುತ್ತ ಅದೇ ಕಾಬೂಲಿನ ಬೆಟ್ಟಗಳಲ್ಲಿ ತಿರುಗಿದ, ಮುಂದೆ ಹಾಜಿಯಾಗಿ ಬಂದ ಆ ಬೇಗಂಗಳ ದೀನಿನಲ್ಲಿ ಯಾವ ಕೊರತೆಯಿತ್ತೆಂದು ಆ ಮುಲ್ಲಾಗಳನ್ನು ಯಾರಾದರೂ ಕೇಳಬೇಕು. ಬಾಬರನ ಕಾಲಬುಡದಲ್ಲಿ ಮಗ ಹಿಂದಾಲ್‌ನ ಗೋರಿಯಿದೆ. ಹಿಂದಾಲ್‌ನ ಮಗಳು, ಅಕ್ಬರನ ಮೊದಲ ಹೆಂಡತಿ ರುಖಯ್ಯಾ ಬೇಗಂ 1626ರಲ್ಲಿ ಆಗ್ರಾದಲ್ಲಿ ತೀರಿಕೊಂಡಳು. ತಾನು ಕಣ್ಣಿನಿಂದ ಕಂಡೇ ಇರದ ಅಜ್ಜನ ಆ ತೋಟಕ್ಕೆ ಆಕೆಯನ್ನೂ ಕೊಂಡೊಯ್ದು, ಆತನ ಹತ್ತಿರದಲ್ಲಿಯೇ ಮಣ್ಣು ಮಾಡಿದ್ದಾರೆ.